ಹತ್ತೊಂಬತ್ತನೆಯ ನಿಮಿಷದ ಗುಡ್ಡ

ಸಮವಸ್ತ್ರದ ಬಿಳಿ ಅಂಗಿಯ ಕಾಲರಿಗೆ ಬ್ರಷ್ ಹಾಕುತ್ತಿದ್ದೆ. ಹಾಕುವ ಅಗತ್ಯವೇನೂ ಇರಲಿಲ್ಲ. ಕಾಲರು ಅಂಗಡಿಯಿಂದ ತಂದ ದಿನದಷ್ಟೇ ಬೆಳ್ಳಗಿತ್ತು, ಆದರೆ ಕೈ ಅಭ್ಯಾಸ ಬಿಡುವುದಿಲ್ಲ. ಅಷ್ಟರಲ್ಲಿ ಹಿತ್ತಲ ಬಾಗಿಲಲ್ಲಿ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಪುರಸಭೆಯ ಫಾಲಾಕ್ಷ. ಒಂದು ಕೈಯಲ್ಲಿ ಖಾಲಿ ಗಾಜಿನ ಸೀಸೆ, ಇನ್ನೊಂದು ಕೈಯಲ್ಲಿ ಮೊಳದುದ್ದದ ಮರದ ಅಳತೆಪಟ್ಟಿ.

“ಅಕ್ಕಾರೆ, ಹಂಗೇ ಇರಿ. ಜಾಲಿಸಬ್ಯಾಡಿ. ಆ ನೀರೇ ಬೇಕು.”

“ಇದೊಂದು ಅಂಗಿ ಜಾಲಿಸಿಬಿಡ್ತೀನಿ ಇರಪ್ಪ. ನಾಳೆಗೆ ಒಣಗಬೇಕು.”

“ಜಾಲಿಸಿದ ಮ್ಯಾಲೆ ನಾನು ಏನ್ ತಗಂಡು ಹೋಗ್ಲಿ, ತೀರ್ಥಾನಾ?”

ಅವನು ಪಟ್ಟಿಯನ್ನು ಮೋರಿಯೊಳಗೆ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಒಂಬತ್ತು ಇಂಚು ಎಂದು ಬರೆದುಕೊಂಡ. ಪಕ್ಕದಲ್ಲಿ ‘ಹನ್ನೆರಡನೆಯ ದಿನ’ ಎಂದು ಬರೆದು ಅದರ ಕೆಳಗೆ ಗೆರೆ ಎಳೆದ. ಬಕೆಟ್ಟಿನಿಂದ ಸೀಸೆಗೆ ನೀರು ತುಂಬಿಕೊಂಡು, ಬಿರಡೆ ಹಾಕಿ, ನನ್ನ ಸೀರೆ ಸೆರಗಿಗೇ ಒರೆಸಲು ನೋಡಿದ. ನಾನು ಸೆರಗು ಎಳೆದುಕೊಂಡೆ.

ನಮ್ಮೂರಲ್ಲಿ ನೊರೆ ಸುಮ್ಮನೆ ಸಾಯುವುದಿಲ್ಲ. ಹೇಳಬೇಕಾದವರಿಗೆ ಹೇಳದೆ ನುಂಗಿದ ಮಾತು ಮೈಮೇಲಿನ ಬಟ್ಟೆಯಲ್ಲಿ ನಿಲ್ಲುತ್ತದೆ, ಒಗೆದರೆ ನೀರಿಗೆ ಬರುತ್ತದೆ. ಆ ಮಾತು ಬಾಯಿಂದ ಹೊರಡುವವರೆಗೆ ನೊರೆ ಇಳಿಯುವುದಿಲ್ಲ. ಗೋಡೆಗೆ ಹೇಳಿದರೆ ಆಗದು, ಬಾವಿಗೆ ಹೇಳಿದರೂ ಆಗದು. ಯಾರಿಗೆ ಹೇಳಬೇಕಿತ್ತೋ ಅವರಿಗೇ ಹೇಳಬೇಕು. ಬೇರೆ ಊರುಗಳಲ್ಲಿ ಜನ ಒಬ್ಬರನ್ನೊಬ್ಬರು ಹೇಗೆ ಅಳೆಯುತ್ತಾರೋ ನನಗೆ ತಿಳಿಯದು, ನಾವಂತೂ ಮೋರಿ ನೋಡುತ್ತೇವೆ. ಹೆಣ್ಣು ನೋಡಲು ಬಂದವರು ಕೇಸರಿಬಾತು ತಿಂದಾದ ಮೇಲೆ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬರುತ್ತಾರೆ. ಬಂದವರ ಮುಖ ನೋಡಿದರೆ ಸಾಕು, ಸಂಬಂಧ ಕೂಡಿತೋ ಇಲ್ಲವೋ ಗೊತ್ತಾಗುತ್ತದೆ. ಅಂಗಡಿಯಲ್ಲಿ ಒಂದು ಸಾಬೂನು ಪುಡಿ ಸಿಗುತ್ತದೆ, ಪೊಟ್ಟಣದ ಮೇಲೆ ‘ನೊರೆ ಕಡಿಮೆ, ಮರ್ಯಾದೆ ಹೆಚ್ಚು’ ಎಂದು ಅಚ್ಚು ಹಾಕಿದ್ದಾರೆ. ಅದರಿಂದ ಬಟ್ಟೆಯ ಕೊಳೆ ಹೋಗುವುದಿಲ್ಲ. ಆದರೂ ಊರಿನ ಗಣ್ಯರ ಮನೆಗಳಲ್ಲೆಲ್ಲ ಅದೇ.

ಫಾಲಾಕ್ಷ ಹೋಗುವುದನ್ನೇ ಕಾಯುತ್ತಿದ್ದ ಪಕ್ಕದ ಮನೆಯ ಹಾಲಮ್ಮ ಗೋಡೆಯ ಮೇಲೆ ಗಲ್ಲ ಊರಿದಳು.

“ಏನೇ ವಾರಿಜಾ, ನಿಮ್ಮ ಮೋರೀಲಿ ಮೊಸರನ್ನ ಕಲಸಿಟ್ಟಂಗೆ ಐತಲ್ಲೇ!”

“ನಿಮಗೂ ಒಂದು ಬಟ್ಟಲು ಕೊಡ್ಲಾ, ಹಾಲಮ್ಮಾ?”

“ನಮಗ್ಯಾಕವ್ವ. ನಾವು ಮನಸಿಗೆ ಬಂದಿದ್ದನ್ನ ಅಲ್ಲೇ ಉಗುಳಿ ಹೋಗೋ ಜನ.”

ಅದು ನಿಜ. ಹಾಲಮ್ಮನ ಮೋರಿಯಲ್ಲಿ ನೊರೆಯ ಒಂದು ಗುಳ್ಳೆ ಕೂಡ ಕಂಡವರಿಲ್ಲ. ನನ್ನ ಮದುವೆಯಾದ ವಾರವೇ ಆಕೆ ನನ್ನ ಮೂಗು ಮುಖಕ್ಕಿಂತ ಮೊದಲು ಬಾಗಿಲು ದಾಟುತ್ತದೆ ಎಂದು ನನಗೇ ಹೇಳಿದ್ದಳು. ಪುರಸಭೆಯವರು ಮೂರು ವರ್ಷ ಸತತವಾಗಿ ಆಕೆಗೆ ‘ನಿರ್ಮಲ ಗೃಹಿಣಿ’ ಎಂಬ ಪ್ರಶಸ್ತಿ ಕೊಟ್ಟರು. ಕೊಡುವ ಸಮಾರಂಭದಲ್ಲಿ ಆಕೆ ಅಧ್ಯಕ್ಷರಿಗೂ ಏನೋ ಹೇಳಿದಳಂತೆ. ನಾಲ್ಕನೆಯ ವರ್ಷದಿಂದ ಅಂಚೆಯಲ್ಲಿ ಕಳಿಸುತ್ತಾರೆ.

ಸಣ್ಣಪುಟ್ಟ ನೊರೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಮೋರಿಯಲ್ಲಿ ಅರ್ಧ ಗೇಣು ದಾಟಿದರೆ ಮಾತ್ರ ಅಂದಿನಿಂದ ಪುರಸಭೆ ದಿನ ಎಣಿಸುತ್ತದೆ. ಇಪ್ಪತ್ತೊಂದು ದಿನ ನೊರೆ ಇಳಿಯದಿದ್ದರೆ ವಾರ್ಡ್ ಸಭೆ. ಯಾರ ಬಟ್ಟೆಯ ನೊರೆಯೋ ಅವರನ್ನು ಸಭೆಯಲ್ಲಿ ಒಂದು ಮಣೆಯ ಮೇಲೆ ನಿಲ್ಲಿಸಿ, ಬೀದಿಯವರೆಲ್ಲ ಎದುರಿಗೆ ಕೂತು, ಮಾತು ಹೊರಬರುವವರೆಗೆ ಕೇಳುತ್ತಾರೆ. ಬಹಳ ಪ್ರೀತಿಯಿಂದ ಕೇಳುತ್ತಾರೆ, ನಡುವೆ ಮಜ್ಜಿಗೆಯೂ ಕೊಡುತ್ತಾರೆ. ಹೋದ ವರ್ಷ ಮೂಲೆಮನೆಯ ಬಳೆಗಾರನನ್ನು ನಿಲ್ಲಿಸಿದ್ದರು. ಮಾತು ಬಂತು, ನೊರೆ ಇಳಿಯಿತು, ಕಡತದಲ್ಲಿ ‘ಯಶಸ್ವಿ’ ಎಂದು ಬರೆದುಕೊಂಡರು. ಬಳೆಗಾರ ಮಾತ್ರ ಅಂದಿನಿಂದ ಯಾರ ಮುಖವನ್ನೂ ನೋಡುವುದಿಲ್ಲ, ಕೈಗಳನ್ನಷ್ಟೇ ನೋಡಿ ಬಳೆ ತೊಡಿಸುತ್ತಾನೆ. ನಮ್ಮ ಮನೆಯಿಂದ ಆ ಮಣೆ ಹತ್ತಬೇಕಾದವಳು ನನ್ನ ಮಗಳು ಶಾಲ್ಮಲಿ. ಅವಳಿಗೆ ಎಂಟು ವರ್ಷ.

ಇದು ಅವಳದೇ ನೊರೆ ಎಂದು ಹೇಗೆ ಗೊತ್ತಾಯಿತು ಎಂದರೆ, ನಮ್ಮವರಿಂದ. ಅವರು ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವರು. ಜಗತ್ತಿನ ಯಾವ ತೊಂದರೆಯನ್ನಾದರೂ ಬೇರೆ ಬೇರೆ ಗೂಡಿಗೆ ಹಾಕಿದರೆ ಅರ್ಧ ಮುಗಿಯಿತು ಎಂಬುದು ಅವರ ನಂಬಿಕೆ. ಮಿಕ್ಕ ಅರ್ಧ ಬೇರೆಯವರದು.

“ಒಟ್ಟಿಗೆ ನೆನೆಹಾಕೋದೇ ತಪ್ಪು ಕಣೇ. ಮೂರು ಬಕೆಟ್ ಮಾಡು. ಅಮ್ಮಂದು ಒಂದು, ನಂದು ಒಂದು, ಉಳಿದಿದ್ದು ಒಂದು. ಯಾವುದರ ನೊರೆ ನಿಲ್ಲುತ್ತೋ ನೋಡು,” ಎಂದರು.

“ಒಗೆಯೋದೂ ಮೂರು ಜನಾನಾ?” ಎಂದೆ. ಅವರಿಗೆ ಕಚೇರಿಗೆ ಹೊತ್ತಾಗಿತ್ತು.

ಮೂರು ಬಕೆಟ್ ಮಾಡಿದೆ. ಮೂರರಲ್ಲೂ ನೊರೆ ನಿಂತಿತು. ಸಂಜೆ ನಮ್ಮವರು ತಮ್ಮ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮುಖ ನೋಡದೆ, “ನಿನ್ನ ಹೆಸರುಬೇಳೆ ಪಾಯಸ ನಂಗೆ ಸೇರಲ್ಲ” ಎಂದರು. ಹನ್ನೊಂದು ವರ್ಷದಿಂದ ಅವರ ಪ್ರತಿ ಹುಟ್ಟುಹಬ್ಬಕ್ಕೆ ಹೆಸರುಬೇಳೆ ಪಾಯಸ ಮಾಡುತ್ತಿದ್ದೇನೆ. ಪ್ರತಿ ಸಲವೂ ಎರಡನೆಯ ಬಟ್ಟಲು ಕೇಳಿ ಹಾಕಿಸಿಕೊಂಡು ತಿಂದಿದ್ದಾರೆ. ನೊರೆ ಚುಯ್ ಎಂದು ಇಳಿದು ತಳದಲ್ಲಿ ಅವರ ಬನಿಯನ್ನು ಕಂಡಿತು.

ಅತ್ತೆಗೆ ಇನ್ನೂ ಎರಡು ದಿನ ಬೇಕಾಯಿತು. ಮೊದಲು ಸಾಬೂನನ್ನು ಬೈದರು, ಆಮೇಲೆ ನಲ್ಲಿ ನೀರನ್ನು ಬೈದರು, ಆಮೇಲೆ ಬಕೆಟ್ಟಿನ ಬಣ್ಣವನ್ನು. ಕೊನೆಗೆ ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಬಂದು ನಿಂತು, “ನಿಮ್ಮಮ್ಮ ಕೊಟ್ಟಿದ್ದ ಹಸಿರು ರೇಷ್ಮೆ ಸೀರೆ ಇಲಿ ಕಡಿದಿದ್ದಲ್ಲ. ಇಸ್ತ್ರಿ ಹಾಕಾಕೆ ಹೋಗಿ ನಾನೇ ಸುಟ್ಟೆ. ಸುಟ್ಟಿದ್ದನ್ನ ಕತ್ತರಿಸಿ ಇಲಿ ಕಡಿದಂಗೆ ಮಾಡಿದ್ದೂ ನಾನೇ,” ಎಂದರು. ಆ ವರ್ಷ ಮನೆಯ ತುಂಬ ಪಾಷಾಣ ಇಟ್ಟು ಎಷ್ಟು ಇಲಿಗಳನ್ನು ಕೊಂದೆವೋ ಲೆಕ್ಕವಿಲ್ಲ. ಇಲಿಗಳ ಪರವಾಗಿ ನಾನು ಏನನ್ನೂ ಹೇಳಲಿಲ್ಲ. ಅತ್ತೆಯ ಬಕೆಟ್ಟು ತಿಳಿಯಾಯಿತು. ಅವರು ಹಗುರಾಗಿ ಹೋಗಿ ಮಲಗಿದರು.

ಉಳಿದದ್ದರ ಬಕೆಟ್ಟು ಹಾಗೇ ನಿಂತಿತು. ಅದರಲ್ಲಿ ಮಗಳ ಸಮವಸ್ತ್ರವಿತ್ತು.

ಶಾಲ್ಮಲಿ ಮೊದಲು ಹೀಗಿರಲಿಲ್ಲ. ಅವಳ ಅಂಗಿ ನೋಡಿದರೆ ಆ ದಿನ ಎಲ್ಲೆಲ್ಲಿ ಹೋಗಿದ್ದಳು, ಏನೇನು ತಿಂದಳು, ಯಾರ ಜೊತೆ ಜಗಳವಾಡಿದಳು ಎಲ್ಲ ಓದಬಹುದಿತ್ತು. ಹುಣಿಸೆಹಣ್ಣಿನ ಕಲೆ, ಶಾಯಿ, ಮಾವಿನ ಸೊನೆ. ಒಂದು ಸಲ ಮೇಕೆಯ ಹಲ್ಲಿನ ಗುರುತು. ಬಾಯಿಯೂ ಹಾಗೇ. ಹಲ್ಲಿಗೆ ಹಲ್ಲಿದೆಯಾ, ಇದ್ದರೆ ಯಾವಾಗ ಉಜ್ಜುತ್ತೆ? ನೀರನ್ನು ತೊಳೆಯಬೇಕಾದರೆ ಏನು ಹಾಕಬೇಕು? ಅಜ್ಜಿ ಸಣ್ಣವಳಾಗಿದ್ದಾಗಲೂ ಗೊರಕೆ ಹೊಡೀತಿದ್ಳಾ? ಉತ್ತರ ಹೇಳಿ ಹೇಳಿ ನನಗೆ ಸಾಕಾಗಿ, ದಿನಕ್ಕೆ ಹತ್ತೇ ಪ್ರಶ್ನೆ ಎಂದು ಗಡಿ ಹಾಕಿದ್ದೆ. ಅವಳು ಹನ್ನೊಂದನೆಯದನ್ನು ‘ಇದು ನಾಳೇದು’ ಎಂದು ಮುಂಗಡ ಕೇಳುತ್ತಿದ್ದಳು.

ಈಗ ಕೆಲವು ವಾರದಿಂದ ಅಂಗಿ ಹೋದ ಹಾಗೇ ಬರುತ್ತಿತ್ತು. ಹಾಗಲಕಾಯಿ ಪಲ್ಯವನ್ನು ಮುಖ ಕಿವುಚದೆ ತಿನ್ನುತ್ತಿದ್ದಳು. ತಟ್ಟೆ ತಾನೇ ತೊಳೆದಿಡುತ್ತಿದ್ದಳು. ಚಪ್ಪಲಿ ಜೋಡಿಸಿಡುತ್ತಿದ್ದಳು, ತನ್ನದಷ್ಟೇ ಅಲ್ಲ, ಎಲ್ಲರದೂ. ಏನು ಹೇಳಿದರೂ “ಆಯ್ತಮ್ಮ.” ಶಾಲೆಯ ಟೀಚರು ದಾರಿಯಲ್ಲಿ ಸಿಕ್ಕಾಗ, “ಎಷ್ಟು ಬದಲಾಗಿದಾಳ್ರೀ ನಿಮ್ಮ ಹುಡುಗಿ, ಕ್ಲಾಸಲ್ಲಿ ಇದಾಳೋ ಇಲ್ವೋ ಗೊತ್ತೇ ಆಗಲ್ಲ!” ಎಂದು ಮೆಚ್ಚಿಕೊಂಡರು. ಅತ್ತೆ ದೃಷ್ಟಿ ತೆಗೆದರು. ನಮ್ಮವರು ನನ್ನ ಬೆಳೆಸುವಿಕೆಯನ್ನು ಹೊಗಳಿದರು. ನಾನೂ ಹಿಗ್ಗಿದೆ, ಸುಳ್ಳು ಹೇಳುವುದಿಲ್ಲ. ಬ್ರಷ್ಷಿನ ಕೆಲಸ ಹಗುರಾಗಿತ್ತು. ಊರಲ್ಲೆಲ್ಲ ಅತ್ಯಂತ ಸ್ವಚ್ಛವಾದ ಅಂಗಿಯಿಂದ ಊರಲ್ಲೆಲ್ಲ ಅತಿ ಎತ್ತರದ ನೊರೆ ಏಳುತ್ತಿದೆ ಎಂದು ನನಗೆ ಹೊಳೆಯಲು ಫಾಲಾಕ್ಷನ ಅಳತೆಪಟ್ಟಿಯೇ ಬರಬೇಕಾಯಿತು.

“ಶಾಲೂ, ಅಮ್ಮನ್ನ ಏನಾದ್ರೂ ಕೇಳೋದಿದೆಯೇನೇ?”

“ಏನಿಲ್ಲಮ್ಮ.”

“ಹತ್ತಕ್ಕಿಂತ ಜಾಸ್ತಿ ಆದ್ರೂ ಪರವಾಗಿಲ್ಲ ಕಣೇ.”

“ಇಲ್ಲಮ್ಮ. ನಾನು ಓದ್ಕೋತೀನಿ.”

ಪಕ್ಕದಲ್ಲಿದ್ದ ಬಕೆಟ್ಟಿನ ನೊರೆ ನನ್ನ ಕಣ್ಣೆದುರಿಗೇ ಒಂದು ಬೆರಳು ಮೇಲೆದ್ದು ಅಂಚಿನಿಂದ ಹೊರಗೆ ಬಾಗಿತು. ಇಬ್ಬರೂ ನೋಡಿದೆವು. ಅವಳು ಹೋಗಿ ಬಟ್ಟೆ ತಂದು ನೆಲ ಒರೆಸಿದಳು.

ಹದಿನೆಂಟನೆಯ ದಿನ ಪುರಸಭೆಯ ಪ್ರಯೋಗಾಲಯದಿಂದ ಚೀಟಿ ಬಂತು. ಮನೆಯವರೊಬ್ಬರು ಬಂದು ಫಲಿತಾಂಶ ಕೇಳಿಕೊಂಡು ಹೋಗತಕ್ಕದ್ದು. ಬೆಳಗಿನ ತಿಂಡಿ ಮುಗಿಸಿ, ಬೇಳೆ ನೆನೆಸಿಟ್ಟು, ಒಲೆ ಆರಿಸಿದೆನೋ ಇಲ್ಲವೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಹೋದೆ. ಪ್ರಯೋಗಾಲಯ ಇರುವುದು ಹಳೆಯ ಕಾಫಿಪುಡಿ ಅಂಗಡಿಯಲ್ಲಿ. ಹೊರಗೆ ಬೋರ್ಡು ಬದಲಾಗಿದೆ, ಒಳಗೆ ವಾಸನೆ ಬದಲಾಗಿಲ್ಲ. ಅಲ್ಲಿರುವವರು ಪ್ರಫುಲ್ಲಾ ಮೇಡಂ ಒಬ್ಬರೇ. ಅವರ ಕನ್ನಡಕದ ಒಂದು ಕಾಲಿಗೆ ದಾರ ಸುತ್ತಿತ್ತು, ಕೈಗೆ ಬಿಳಿ ಕೋಟಿನ ತೋಳು ಒಂದು ಗೇಣು ಉದ್ದವಾಗಿತ್ತು.

“ವಾರಿಜಮ್ಮನಾ? ಬನ್ನಿ. ನಿಮ್ಮ ನೀರು ನಂಗೆ ಮೂರು ದಿನ ಊಟ ಸೇರದ ಹಾಗೆ ಮಾಡಿದೆ ಕಣ್ರೀ,” ಎಂದರು.

ಮೇಜಿನ ಮೇಲೆ ಬಿಳಿಪುಡಿ ಗಿಡಿದು ತುಂಬಿದ ಒಂದು ಸಣ್ಣ ಉದ್ದನೆಯ ಕೊಳವೆಯಿತ್ತು. ಅದರ ತುದಿಯಲ್ಲಿ ಒಂದು ಪುಟ್ಟ ಜ್ವಾಲೆ. ಪಕ್ಕದಲ್ಲಿ ಕಾಗದದ ಸುರುಳಿಯ ಮೇಲೆ ಓಡಾಡುವ ಎರಡು ಸೂಜಿ. ಅದಕ್ಕೆ ಕ್ರೊಮ್ಯಾಟೋಗ್ರಫಿ ಎನ್ನುತ್ತಾರೆ ಎಂದು ಮೇಡಂ ಹೇಳಿದರು. ನಾನು ತಲೆಯಾಡಿಸಿದೆ. ಅರ್ಥವಾಗಲಿಲ್ಲ ಎಂದು ಅವರಿಗೂ ಅರ್ಥವಾಯಿತು.

“ಸಂತೆಬೀದಿಗೆ ಮನೆಯವರೆಲ್ಲ ಒಟ್ಟಿಗೆ ಹೋಗ್ತೀರಲ್ಲ, ಆ ತುದಿಗೆ ಎಲ್ಲರೂ ಒಟ್ಟಿಗೇ ಮುಟ್ತೀರಾ?”

“ಎಲ್ಲಿಂದ ಬಂತು! ನಮ್ಮವರು ನೇರ ಹೋಗಿ ನಿಂತು ಗಡಿಯಾರ ನೋಡ್ತಿರ್ತಾರೆ. ಅತ್ತೆ ಪಾತ್ರೆ ಅಂಗಡಿ ಒಂದನ್ನೂ ಬಿಡಲ್ಲ.”

“ಇದೂ ಅಷ್ಟೇ. ನಿಮ್ಮ ನೀರನ್ನ ಈ ಕೊಳವೆಯೊಳಗೆ ಬಿಡ್ತೀನಿ. ಪುಡಿಗೆ ಅಂಟಿಕೊಳ್ಳದೇ ಇರೋದು ಮೊದಲು ಆಚೆ ಬರುತ್ತೆ. ಅಂಟಿಕೊಂಡು ಅಂಟಿಕೊಂಡು ಬರೋದು ತಡವಾಗಿ ಬರುತ್ತೆ. ಬಂದಿದ್ದನ್ನೆಲ್ಲ ಈ ಜ್ವಾಲೆ ಸುಟ್ಟು ನೋಡುತ್ತೆ. ಗಂಧಕ ಇದ್ರೆ ನೀಲಿ, ರಂಜಕ ಇದ್ರೆ ಹಸಿರು.”

ಅವರು ಕಾಗದ ಬಿಡಿಸಿದರು. ನೇರ ಗೆರೆಯ ಮೇಲೆ ಅಲ್ಲಲ್ಲಿ ಗುಡ್ಡಗಳು ಎದ್ದಿದ್ದವು. ನಾಲ್ಕನೆಯ ನಿಮಿಷದಲ್ಲಿ ಒಂದು ಚೂಪು ಗುಡ್ಡ, ಹಸಿರು ಬೆಳಕು. ನೀರಿನ ಗಡಸು ಮುರಿಯಲು ಪುಡಿಯಲ್ಲಿ ಹಾಕುವ ರಂಜಕದ ಉಪ್ಪು. ಹನ್ನೊಂದನೆಯದರಲ್ಲಿ ಸಾಲಾಗಿ ನಾಲ್ಕು ಗುಡ್ಡ, ನೀಲಿ ಬೆಳಕು. ಕೊಳೆ ತೆಗೆಯುವ ಗಂಧಕದ ವಸ್ತು ಅದೇ, ಬಾಲ ಉದ್ದ ಗಿಡ್ಡ ಇರುವುದರಿಂದ ಹಿಂದೆಮುಂದೆ ಬರುತ್ತದಂತೆ. ಇಷ್ಟರ ತನಕ ಎಲ್ಲರ ಮನೆಯದೂ ಒಂದೇ, ಇದಕ್ಕೆ ಅಂಗಡಿಯವನು ಉತ್ತರ ಕೊಡಬೇಕು, ನೀವಲ್ಲ, ಎಂದರು.

“ಇದು ನಿಮ್ಮದು,” ಎಂದು ಹತ್ತೊಂಬತ್ತನೆಯ ನಿಮಿಷದ ಮೇಲೆ ಬೆರಳಿಟ್ಟರು. ಅಲ್ಲೊಂದು ದೊಡ್ಡ ಗುಡ್ಡವಿತ್ತು. “ಜ್ವಾಲೆ ಬಣ್ಣವನ್ನೇ ಬದಲಾಯಿಸಲಿಲ್ಲ. ಗಂಧಕ ಇಲ್ಲ, ರಂಜಕ ಇಲ್ಲ, ಏನೂ ಇಲ್ಲ. ಇನ್ನೊಂದು ಸೂಜಿ ಮಾತ್ರ, ಏನೋ ಹಾದುಹೋಯ್ತು ಅಂತ ಕುಣೀತು. ನುಂಗಿದ ಮಾತು ಯಾವಾಗಲೂ ಹೀಗೇ ಬರೋದು. ಆದರೆ ಸಾಮಾನ್ಯವಾಗಿ ಹದಿನಾಲ್ಕು, ಹದಿನೈದಕ್ಕೆ ಬಂದುಬಿಡುತ್ತೆ. ಇಷ್ಟು ಅಂಟಿಕೊಂಡಿದ್ದನ್ನ ನಾನು ನೋಡಿಲ್ಲ.”

“ಎಂಟು ವರ್ಷದ ಹುಡುಗಿ, ಮೇಡಂ,” ಎಂದೆ. ನನ್ನ ಧ್ವನಿ ನನಗೇ ಸೇರಲಿಲ್ಲ.

“ಅದನ್ನೇ ಕೇಳ್ಬೇಕು ಅಂತಿದ್ದೆ. ಈ ಗುಡ್ಡ ಸರಿಯಾಗಿ ನೋಡಿ. ಹಿಂದುಗಡೆ ಹೆಗಲ ಹತ್ರ ಇನ್ನೊಂದು ತುದಿ ಇದೆ, ಕಾಣುತ್ತಾ? ಇದು ಒಂದಲ್ಲ, ಎರಡು. ಮುಂದಿಂದು ದೊಡ್ಡದು, ಹಿಂದಿಂದು ಅದರ ಮರೇಲಿ ನಿಂತಿದೆ. ಸಂತೆಯಲ್ಲಿ ತಾಯಿ ಸೆರಗು ಹಿಡಕೊಂಡು ಬರೋ ಮಗು ಥರ. ಆ ಬಕೆಟ್ಟಲ್ಲಿ ಬೇರೆ ಯಾರ ಬಟ್ಟೆ ಇತ್ತು?”

“ಯಾರದೂ ಇಲ್ಲ. ಅತ್ತೆಯವರದು ಬೇರೆ, ನಮ್ಮವರದು ಬೇರೆ. ಅದರಲ್ಲಿ ಉಳಿದದ್ದು.”

“ಉಳಿದದ್ದು ಅಂದ್ರೆ?”

ಮೂರು ಬಕೆಟ್ಟು ಮಾಡಿ, ಮೂರನ್ನೂ ನಾನೇ ನೆನೆಹಾಕಿ, ನಾನೇ ತಿಕ್ಕಿ, ನಾನೇ ಹಿಂಡಿದರೂ, ಆ ಮನೆಯಲ್ಲಿ ಸೀರೆ ಉಡುವ ಇನ್ನೊಬ್ಬಳು ಇದ್ದಾಳೆಂಬುದು ವಿಂಗಡಿಸಿದವರಿಗೂ ನೆನಪಾಗಲಿಲ್ಲ, ಒಗೆದವಳಿಗೂ ನೆನಪಾಗಲಿಲ್ಲ. ಮದುವೆಯಾದಾಗಿನಿಂದ ನನ್ನ ಸೀರೆ ಯಾವ ಬಕೆಟ್ಟಿನಲ್ಲಿ ಜಾಗವಿದೆಯೋ ಅದರಲ್ಲಿ ಬೀಳುತ್ತದೆ.

“ನನ್ನ ಸೀರೆ,” ಎಂದೆ.

ಪ್ರಫುಲ್ಲಾ ಮೇಡಂ ಕನ್ನಡಕ ತೆಗೆದು ಕೋಟಿನ ತೋಳಿಗೆ ಒರೆಸಿಕೊಂಡರು. ಅವರು ತುಂಬಬೇಕಾದ ನಮೂನೆಯಲ್ಲಿ ‘ಮನೆಯಲ್ಲಿರುವವರ ಸಂಖ್ಯೆ’ ಎಂದಿತ್ತು. ಕೇಳಿದರು. ನಾಲ್ಕು ಎಂದೆ. ಆಮೇಲೆ ಯಾಕೋ, “ಐದಾಗಬೇಕಿತ್ತು” ಎಂದೂ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿದರು, ಆದರೆ ಏನೂ ಕೇಳಲಿಲ್ಲ. ಬೇರೆಯವರ ಗುಡ್ಡಗಳನ್ನು ದಿನವೂ ನೋಡುವವರಿಗೆ ಅಷ್ಟು ತಾಳ್ಮೆ ಬರುತ್ತದೇನೋ. ಎದ್ದು ಹೊರಡುವಾಗ ಮಾತ್ರ, “ಮುಂದಿನದು ಇಳಿಸಿ ನೋಡಿ. ಹಿಂದಿನದು ಆಗಲೇ ಸರಿಯಾಗಿ ಕಾಣೋದು. ಇಪ್ಪತ್ತೊಂದಕ್ಕೆ ನಾನು ಎರಡು ಹೆಸರು ಬರೀಬೇಕಾಗುತ್ತೆ, ಇಲ್ಲಾಂದ್ರೆ ಒಂದೂ ಇಲ್ಲ,” ಎಂದರು.

ಎರಡು ತಿಂಗಳ ಹಿಂದೆ ನನಗೊಂದು ಗಂಡುಮಗು ಹುಟ್ಟಿತು. ಉಸಿರಾಡಲಿಲ್ಲ. ನಾನು ಬರಿಗೈಯಲ್ಲಿ ಮನೆಗೆ ಬಂದೆ. ಶಾಲ್ಮಲಿ ಬಾಗಿಲಲ್ಲೇ ಕಾದಿದ್ದಳು, ಪಾಪುವಿಗೆಂದು ತನ್ನ ಹಳೆಯ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು. ಅವಳಿಗೆ ಏನು ಹೇಳಬೇಕು ಎಂಬುದರ ಬಗ್ಗೆ ಮನೆಯಲ್ಲಿ ಎರಡು ದಿನ ಸಮಾಲೋಚನೆ ನಡೆಯಿತು. ಕೂಸಿನ ಮುಂದೆ ಸಾವಿನ ಮಾತು ಕೂಡದು ಎಂದು ಅತ್ತೆ ಕಟ್ಟಪ್ಪಣೆ ಮಾಡಿ, ವಾಕ್ಯದ ಮೊದಲ ಕರಡನ್ನು ತಯಾರಿಸಿದರು. ನಮ್ಮವರು ತಿದ್ದಿ ಚಿಕ್ಕದು ಮಾಡಿದರು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ, ಬೇಡ ಎನ್ನಲಿಲ್ಲ. ಕೊನೆಗೆ ಸಿದ್ಧವಾದ ವಾಕ್ಯ ಇದು: ‘ಪಾಪು ಸರಿ ಇರಲಿಲ್ಲ ಪುಟ್ಟಾ, ಅದಕ್ಕೇ ಆಸ್ಪತ್ರೇಲೇ ವಾಪಸ್ ಕೊಟ್ಟು ಬಂದ್ವಿ.’ ಬಹಳ ಅಚ್ಚುಕಟ್ಟಾದ ವಾಕ್ಯ. ಅಳಲು ಎಲ್ಲೂ ಜಾಗವಿರಲಿಲ್ಲ. ಅವಳು ಕೇಳಿಸಿಕೊಂಡು, ಆಯ್ತು ಎಂದು, ಟೋಪಿಯನ್ನು ಮಡಿಸಿ ಒಳಗಿಟ್ಟಳು. ಎಷ್ಟು ಜಾಣೆ ಎಂದು ನಾವು ಆಗಲೂ ಮೆಚ್ಚಿದ್ದೆವು.

ಆ ವಾಕ್ಯದ ಒಂದು ಗುಳ್ಳೆಯೂ ಅತ್ತೆಯ ಬಕೆಟ್ಟಿನಲ್ಲಿ ಬಂದಿರಲಿಲ್ಲ, ಏಕೆಂದರೆ ಅವರು ಅದನ್ನು ನಂಬಿಬಿಟ್ಟಿದ್ದರು. ನಮ್ಮವರದರಲ್ಲೂ ಇರಲಿಲ್ಲ. ಇಂಥದ್ದನ್ನೆಲ್ಲ ಮಗುವಿಗೆ ಹೇಳಬೇಕಾದವಳು ತಾಯಿ ಎಂದು ತೀರ್ಮಾನಿಸಿ ಅವರು ಆ ಕಾಗದವನ್ನು ನನ್ನ ಗೂಡಿಗೆ ಹಾಕಿಯಾಗಿತ್ತು.

ಪ್ರಯೋಗಾಲಯಕ್ಕೆ ಹೋಗಿ ಬಂದ ಮರುದಿನ ನಾಲ್ಕು ಬಕೆಟ್ಟು ಮಾಡಿದೆ. ನನ್ನ ಸೀರೆಯ ನೊರೆ ಮಗಳದಕ್ಕಿಂತ ಒಂದು ಗೇಣು ಮೇಲಿತ್ತು. ಅತ್ತೆ ಅದನ್ನೂ ನೋಡಿದರು, ನನ್ನನ್ನೂ ನೋಡಿದರು.

“ಬ್ಯಾಡ ವಾರಿಜಾ. ಎಳೇ ಕೂಸು. ಆ ಮಾತು ಕೇಳಿದ್ರೆ ಹೆದರ್ಕೊಂಡೀತು.”

“ಈಗ ಹೆದರಿಲ್ಲ ಅಂತೀರಾ, ಅತ್ತೆ?”

“ಎಲ್ಲಿ ಹೆದರೈತೆ? ಎಷ್ಟು ಚೆಂದಾಗೈತೆ ಈಗ. ಒಂದು ತಂಟೆ ಇಲ್ಲ, ತಕರಾರಿಲ್ಲ.”

ಇಪ್ಪತ್ತನೆಯ ದಿನ ಮಧ್ಯಾಹ್ನ ಅವಳ ಶಾಲೆಯ ಚೀಲವನ್ನು ಒಗೆಯಲೆಂದು ಪುಸ್ತಕಗಳನ್ನು ಹೊರಗೆ ತೆಗೆದೆ. ಲೆಕ್ಕದ ನೋಟುಬುಕ್ಕಿನಲ್ಲಿ ಒಂದು ಹಾಳೆ ನಡುವೆ ತೂತಾಗಿತ್ತು. ಭಾಗಾಕಾರದ ಲೆಕ್ಕದ ಕೆಳಗೆ ಟೀಚರು ಕೆಂಪು ಶಾಯಿಯಲ್ಲಿ ಏನೋ ಬರೆದಿದ್ದರು. ಅದನ್ನು ರಬ್ಬರಿನಿಂದ ಉಜ್ಜಿ, ಹೋಗದಿದ್ದಾಗ ಎಂಜಲು ಹಚ್ಚಿ ಉಜ್ಜಿ, ಕಾಗದವೇ ಹರಿದಿತ್ತು. ಅಂಚಿನಲ್ಲಿ ‘ಸರಿ ಇ’ ಎಂಬಷ್ಟು ಉಳಿದಿತ್ತು. ಮೂಲೆಯಲ್ಲಿ ತಾರೀಖಿತ್ತು, ಹೆಚ್ಚುಕಡಿಮೆ ನೊರೆ ನಿಂತ ದಿನದ್ದೇ. ಅಷ್ಟನ್ನೂ ನೋಡಿದೆ. ಪಾಪ, ಲೆಕ್ಕ ತಪ್ಪಿದ್ದಕ್ಕೆ ನಾಚಿಕೊಂಡಿದ್ದಾಳೆ ಎಂದುಕೊಂಡು ಹಾಳೆಗೆ ಹಿಂದಿನಿಂದ ಚೂರು ಕಾಗದ ಅಂಟಿಸಿ ಇಟ್ಟೆ. ಅವಳು ಕೇಳಲಿರುವ ಪ್ರಶ್ನೆ ಯಾವುದೆಂದು ನನಗಾಗಲೇ ಗೊತ್ತಿತ್ತಲ್ಲ! ಪಾಪು ಈಗ ಎಲ್ಲಿದೆ? ಅದಕ್ಕೆ ಉತ್ತರವನ್ನು ಸೊಪ್ಪು ಬಿಡಿಸುತ್ತ, ಪಾತ್ರೆ ತೊಳೆಯುತ್ತ, ಮನಸ್ಸಿನಲ್ಲೇ ಏಳೆಂಟು ಸಲ ಹೇಳಿ ನೋಡಿಕೊಂಡಿದ್ದೆ. ಚೆನ್ನಾಗಿಯೇ ಬರುತ್ತಿತ್ತು.

ಇಪ್ಪತ್ತೊಂದನೆಯ ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಹಾಲಮ್ಮ ಮುಂದಿನ ಸಾಲಿನಲ್ಲಿ ಕೂರಲು ಆಗಲೇ ಚಾಪೆ ಕಳಿಸಿದ್ದಳು. ನಮ್ಮವರು ರಜೆ ಹಾಕಿ, ಇಸ್ತ್ರಿ ಅಂಗಿ ಹಾಕಿಕೊಂಡು, ಜಗುಲಿಯಲ್ಲಿ ಕೂತು ಪತ್ರಿಕೆಯ ಒಂದೇ ಪುಟ ನೋಡುತ್ತಿದ್ದರು. ನಾನು ಒಗೆಯುವ ಕಲ್ಲಿನ ಹತ್ತಿರ ಎರಡು ಬಕೆಟ್ಟು ತಂದಿಟ್ಟೆ, ನನ್ನದು, ಅವಳದು. ಕರೆಯುವ ಮೊದಲೇ ಶಾಲ್ಮಲಿ ಬಂದು ತೋಳು ಮಡಿಸಿ ನಿಂತಳು.

“ನಾನು ಜಾಲಿಸಿಕೊಡ್ಲಾ ಅಮ್ಮ?”

“ಬೇಡ. ಕೂತ್ಕೋ ಇಲ್ಲಿ.”

ಕಲ್ಲಿನ ಮೇಲೆ ಕೂತಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಅಲ್ಲಾಡಿಸುತ್ತಲೂ ಇರಲಿಲ್ಲ.

“ಶಾಲೂ, ಪಾಪು ಸರಿ ಇರಲಿಲ್ಲ ಅಂತ ಹೇಳಿದ್ವಲ್ಲ, ಅದು ಸುಳ್ಳು ಕಣೇ. ಪಾಪುವನ್ನ ಯಾರಿಗೂ ವಾಪಸ್ ಕೊಡಲಿಲ್ಲ. ಅದು ಸತ್ತುಹೋಯ್ತು. ಹುಟ್ಟಿದಾಗ ಉಸಿರಿರಲಿಲ್ಲ. ನಾನು ತೊಡೆ ಮೇಲೆ ಇಟ್ಕೊಂಡಿದ್ದೆ. ತುಂಬ ಹೊತ್ತು ಇಟ್ಕೊಂಡಿದ್ದೆ. ನಿಂಗೆ ಹೇಳಬೇಕಿತ್ತು, ಹೇಳಲಿಲ್ಲ.”

ನನ್ನ ಬಕೆಟ್ಟಿನ ನೊರೆ ಕುಸಿಯುವ ಸದ್ದಿಗೆ ಗೋಡೆಯ ಮೇಲಿದ್ದ ಕಾಗೆ ಹಾರಿತು. ಸೀರೆ ಪೂರ್ತಿ ಕಂಡಿತು, ನೀಲಿ, ಅಂಚು ಬಣ್ಣಬಿಟ್ಟದ್ದು. ನಾನು ಅಳುತ್ತಿದ್ದೆ. ಎರಡು ತಿಂಗಳಲ್ಲಿ ಮೊದಲ ಸಲ, ಅದೂ ಕೆಲಸದ ಹೊತ್ತಿನಲ್ಲಿ.

ಮಗಳ ಬಕೆಟ್ಟು ಅಲ್ಲಾಡಲಿಲ್ಲ.

ಹಿತ್ತಲ ಬಾಗಿಲಲ್ಲಿ ಕೆಮ್ಮು ಕೇಳಿಸಿತು. “ಅಕ್ಕಾರೆ, ಎಲ್ಲಾ ಬಂದು ಕುಂತವ್ರೆ...” ಫಾಲಾಕ್ಷ ನಮ್ಮನ್ನು ನೋಡಿ ಮಾತು ನಿಲ್ಲಿಸಿದ. ಅಳತೆಪಟ್ಟಿಯನ್ನು ಬೆನ್ನ ಹಿಂದೆ ಇಟ್ಟುಕೊಂಡು, “ಮಜ್ಜಿಗೆ ಇನ್ನೂ ಬಂದಿಲ್ಲ ಬಿಡಿ,” ಎಂದು ತಾನೇ ಹೇಳಿಕೊಂಡು ಬಾಗಿಲು ಎಳೆದುಕೊಂಡು ಹೋದ.

“ಬೆರಳು ಎಷ್ಟಿತ್ತು?” ಎಂದಳು ಶಾಲ್ಮಲಿ.

“ಹತ್ತು.”

“ಕಾಲಿಂದು?”

“ಅದೂ ಹತ್ತು. ಉಗುರೂ ಇತ್ತು. ಎಲ್ಲ ಇತ್ತು.”

ಇದೇ ಇರಬೇಕೆಂದು ಬಕೆಟ್ಟಿನ ಕಡೆ ನೋಡಿದೆ. ನೊರೆ ಹಾಗೇ ಇತ್ತು. ಪಾಪು ಈಗ ಎಲ್ಲಿದೆ ಎಂದು ಕೇಳಲಿ ಎಂದು ಕಾದೆ, ಉತ್ತರ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅವಳು ಕೇಳಲಿಲ್ಲ. ತನ್ನ ಲಂಗದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಬೆರಳ ತುದಿ ಕೆಂಪಾಯಿತು. ನಾನು ಬಿಡಿಸಲು ಕೈ ಚಾಚಿದೆ.

“ನಂಗೆ ಭಾಗಾಕಾರ ಬರಲ್ಲ,” ಎಂದಳು. “ಟೀಚರ್ ಬರೆದಿದಾರೆ. ಎಷ್ಟು ಸಲ ಮಾಡಿದ್ರೂ ಬರಲ್ಲ.”

“ಬರದಿದ್ರೆ ಏನಾಯ್ತೇ?”

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಮೂರು ವಾರದಿಂದ ಹಾಗೆ ನೋಡಿರಲಿಲ್ಲ.

“ನಾನು ಸರಿ ಇಲ್ಲದಿದ್ರೂ ಇಟ್ಕೋತೀಯಾ, ಅಮ್ಮಾ?”